ಇಬ್ಬರು ಚೆಲುವಮ್ಮ, ಒಂದೇ ಚೀಟಿ

ನನಗೆ ಬುದ್ಧಿ ಇದೆ ಎಂದು ಯಾರಾದರೂ ಹೊಗಳಿದರೆ ಈಗೀಗ ಭಯವಾಗುತ್ತದೆ. ಬುದ್ಧಿ ಇಲ್ಲದಿದ್ದ ಕಾಲದಲ್ಲಿ ನಾನು ಯಾರಿಗೂ ತೊಂದರೆ ಕೊಟ್ಟವನಲ್ಲ. ಕಿರಂಗೂರಿನಲ್ಲಿ ಬಸ್ಸು ಹತ್ತಿ ಪಾಂಡವಪುರದ ಕಣ್ಣಾಸ್ಪತ್ರೆಗೆ ಹೋಗಿ, ಉಚಿತ ಪೊರೆ ಆಪರೇಷನ್ನಿಗೆ ಬರುವವರ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಕುಟ್ಟಿ, ಸಾಯಂಕಾಲ ತಣ್ಣಗೆ ಮನೆಗೆ ಬರುತ್ತಿದ್ದೆ. ತಪ್ಪಿದ್ದರೆ ಅದು ಬರೆದುಕೊಟ್ಟವರ ತಪ್ಪು. ಆಹಾ, ಎಂಥಾ ನೆಮ್ಮದಿ!

ಎಡವಟ್ಟಾಗಿದ್ದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿನ ಪಟ್ಟಿ ಒಟ್ಟಿಗೆ ಬಂದು ಬಿದ್ದಾಗ. ಒಬ್ಬರೇ ಅಜ್ಜಿ ಎರಡೆರಡು ಕಡೆ ಹೆಸರು ಕೊಟ್ಟಿರುತ್ತಾರೆ. ಒಂದು ಕಡೆ ಹೊಂಬಾಳಮ್ಮ, ಇನ್ನೊಂದು ಕಡೆ ಒಂಬಾಳಮ್ಮ. ಹೇಳಿದವರು ಹೇಳಿದ ಹಾಗೆ, ಬರೆದವರು ಕೇಳಿಸಿಕೊಂಡ ಹಾಗೆ. ಇದಕ್ಕೆ ಅಂತಲೇ ನಾನೊಂದು ಪ್ರೋಗ್ರಾಮು ಬರೆದೆ. ಎರಡು ಹೆಸರು ಕಿವಿಗೆ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತವಾ, ಒಂದನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ತಿದ್ದಬೇಕು, ಇಷ್ಟನ್ನು ಅದು ನೋಡುತ್ತದೆ. ಊರು, ಹುಟ್ಟಿದ ದಿನ ಒಂದೇ ಆಗಿದ್ದು, ಹೆಸರಿನಲ್ಲೂ ಗಂಡನ ಹೆಸರಿನಲ್ಲೂ ಎರಡಕ್ಷರದೊಳಗಿನ ವ್ಯತ್ಯಾಸವಾದರೆ ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಿ ಒಂದು ಹೆಸರನ್ನು ಅಳಿಸಿಬಿಡುತ್ತದೆ. ಪಟ್ಟಿ ಸರಸರನೆ ಇಳಿಯಿತು. ಡಾಕ್ಟರು ಬೆನ್ನು ತಟ್ಟಿದರು. ಅವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಾನು ನಿಂತೇ ಬಂದೆ, ನಾಲ್ಕು ಜನ ನೋಡಲಿ ಅಂತ.

ಮೂರು ತಿಂಗಳ ಮೇಲೆ ಹೆಂಡತಿಯ ಜೊತೆ ಅವಳ ತವರು ದೇವಲಾಪುರಕ್ಕೆ ಹೋದೆ. ಜಗಲಿಯ ಮೇಲೆ ನಮ್ಮತ್ತೆ ಎಡಗಣ್ಣು ಮುಚ್ಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಅವರ ವಾರಗಿತ್ತಿ, ಅಂದರೆ ನನ್ನ ಹೆಂಡತಿಯ ದೊಡ್ಡವ್ವ, ಬಲಗಣ್ಣು ಮುಚ್ಚಿಕೊಂಡು ಸುಲಿಯುತ್ತಿದ್ದರು. ನನಗೇನೂ ಅರ್ಥವಾಗಲಿಲ್ಲ. ಇದೇನು ಹೊಸ ವ್ರತವೋ ಎಂದುಕೊಂಡೆ.

"ಆಪ್ರೇಸನ್ ಆಯ್ತಲ್ಲ ಅಳಿಯಂದ್ರೇ," ಅಂದರು ಅತ್ತೆ. "ಇಬ್ರುಗೂ ಒಂದೇ ಚೀಟಿ ಬಂತು. ಎಡಗಣ್ಣು ಈ ತಿಂಗ್ಳು, ಬಲಗಣ್ಣು ಬರೋ ತಿಂಗ್ಳು ಅಂತ ಬರ್ದಿತ್ತು. ಅಕ್ಕ ಎಡದ್ದು ಮಾಡಿಸ್ಕಂಡ್ಲು, ನಾನು ಬಲದ್ದು ಮಾಡಿಸ್ಕಂಡೆ. ಆಸ್ಪತ್ರೆಯೋರು ನ್ಯಾಯ್ವಾಗೇ ಅಂಚವ್ರೆ."

ಚೀಟಿ ಇಸಿದುಕೊಂಡು ನೋಡಿದೆ, ನಮ್ಮ ಆಸ್ಪತ್ರೆಯದೇ; ವಿಚಾರಿಸಿದಾಗ ಎಲ್ಲ ಹೊರಬಿತ್ತು. ಅಣ್ಣತಮ್ಮಂದಿರ ಮಕ್ಕಳು ಇವರಿಬ್ಬರು. ಇಬ್ಬರಿಗೂ ಅಜ್ಜಿಯ ಹೆಸರೇ ಇಟ್ಟಿದ್ದಾರೆ, ಚೆಲುವಮ್ಮ. ಮನೆಯ ಸೊಸೆಯರು ಅತ್ತೆಯ ಹೆಸರು ಹಿಡಿದು ಮಕ್ಕಳನ್ನು ಬೈಯುವುದು ಹೇಗೆ? ಅದಕ್ಕೆ ಒಬ್ಬರನ್ನು ದೊಡ್ಡಿ, ಇನ್ನೊಬ್ಬರನ್ನು ಪುಟ್ಟಿ ಎಂದು ಕರೆದರು. ಆಮೇಲೆ ಇಬ್ಬರನ್ನೂ ಒಂದೇ ಮನೆಗೆ ಕೊಟ್ಟರು, ಅಣ್ಣ ನಂಜಾಚಾರಿಗೆ ಒಬ್ಬರು, ತಮ್ಮ ನಿಂಗಾಚಾರಿಗೆ ಒಬ್ಬರು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ್ದರಿಂದ ದಾಖಲೆಯಲ್ಲಿ ಇಬ್ಬರೂ ಜನವರಿ ಒಂದರಂದೇ ಹುಟ್ಟಿದ್ದಾರೆ. ಊರಿಗೆಲ್ಲ ಪುಟ್ಟವ್ವನಾದ ನಮ್ಮತ್ತೆಯ ನಿಜವಾದ ಹೆಸರು ನನಗೇ ಗೊತ್ತಿರಲಿಲ್ಲ. ಇನ್ನು ಪ್ರೋಗ್ರಾಮಿಗೆ ಎಲ್ಲಿಂದ ಗೊತ್ತಾಗಬೇಕು? ಪಟ್ಟಿಯಲ್ಲಿ ಅತ್ತೆಯ ಹೆಸರು ಅಳಿಸಿಹೋಗಿದೆ ಎಂದಷ್ಟೇ ಹೇಳಿದೆ.

"ಯಾವನ್ರೀ ಅವನು ನಮ್ಮವ್ವನ ಹೆಸರು ಅಳಿಸಿದೋನು?" ಹೆಂಡತಿ ಕೇಳಿದಳು. ನಾನು ಅವರೆಕಾಯಿ ಸುಲಿಯಲು ಕೂತೆ.

ಮಾರನೆಯ ದಿನವೇ ಆಸ್ಪತ್ರೆಗೆ ಓಡಿ ಅತ್ತೆಯ ಹೆಸರನ್ನು ಹೊಸದಾಗಿ ಸೇರಿಸಿದೆ. ಪ್ರೋಗ್ರಾಮು ಕ್ಷಣವೂ ತಡಮಾಡದೆ ಅಳಿಸಿತು: ದೇವಲಾಪುರದ ಚೆಲುವಮ್ಮನಿಗೆ ಎರಡೂ ಕಣ್ಣು ಮುಗಿದಿದೆ! ಚಲುವಮ್ಮ ಎಂದು ಬರೆದೆ, ಅಳಿಸಿತು. ಚೆಲ್ವಮ್ಮ, ಚೆಲುವವ್ವ, ಎಲ್ಲವನ್ನೂ ಹಿಡಿದು ಹಿಡಿದು ಹೊರಗೆ ಹಾಕಿತು. ಅಯ್ಯೋ ಶಿವನೇ, ಅಷ್ಟು ಚೆನ್ನಾಗಿ ಯಾಕೆ ಬರೆದೆನೋ! ಕೊನೆಗೆ ತಲೆ ತಗ್ಗಿಸಿಕೊಂಡು ಡಾಕ್ಟರ ಹತ್ತಿರ ಎಲ್ಲ ಒಪ್ಪಿಕೊಂಡೆ. ಅವರು "ಇಬ್ಬರನ್ನೂ ಒಟ್ಟಿಗೆ ಕರಕೊಂಡು ಬನ್ನಿ, ನಾನೇ ನೋಡ್ತೀನಿ. ಆಮೇಲೆ ನೀವು ಅಳಿಸಿದವರ ಒಬ್ಬೊಬ್ಬರ ಮನೆಗೂ ಹೋಗಿ, ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿಕೊಂಡು ಬನ್ನಿ" ಅಂದರು. ಅವತ್ತಿನಿಂದ ನಾಲ್ಕು ತಾಲ್ಲೂಕು ತಿರುಗುತ್ತಿದ್ದೇನೆ.

ಮೊದಲು ಹೋಗಿದ್ದು ದೇವಲಾಪುರಕ್ಕೆ. ತಪ್ಪು ನನ್ನದೇ ಎಂದು ಅತ್ತೆಯ ಮುಂದೆ ಕೈಮುಗಿದು, ಉಳಿದ ಕಣ್ಣನ್ನೂ ಮಾಡಿಸಿಕೊಡುತ್ತೇನೆ ಬನ್ನಿ ಎಂದು ಗೋಗರೆದೆ. ಅತ್ತೆಗೆ ಸಿಟ್ಟೇನೂ ಬರಲಿಲ್ಲ. ಆಪರೇಷನ್ ಆದ ಕಣ್ಣಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂದರು:

"ಓಗ್ಲಿ ಬುಡಿ ಅಳಿಯಂದ್ರೇ, ನಂಗೆ ಒಂದೇ ಸಾಕು. ನಿಮ್ಗೆ ಎರಡವೆ, ಅದ್ರಲ್ಲಿ ಏನ್ ಕಂಡ್ರಿ?"