ಕೊಬ್ಬರಿ ಎಣ್ಣೆ ಹಚ್ಚಿದ ಸ್ಪೀಡ್ ಸ್ಕೀಯಿಂಗ್

ಸ್ಪೀಡ್ ಸ್ಕೀಯಿಂಗ್ ಎಂಬ ಕ್ರೀಡೆಯಲ್ಲಿ ದಾಖಲೆವೀರರು ಹಿಮದ ಇಳಿಜಾರಿನಲ್ಲಿ ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಜಾರುತ್ತಾರೆ. ಅದೂ ಎಂಜಿನ್ ಇಲ್ಲದೆ! ಸೋಫಾದ ಮೇಲೆ ಮಲಗಿ ಅವರ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ, ಇದರಲ್ಲಿ ಕಷ್ಟವೇನೂ ಇಲ್ಲ ಎಂದು ನನಗೆ ಖಾತ್ರಿಯಾಯಿತು. ಮೈಗಂಟಿದ ಸೂಟು, ಮುದುಡಿದ ದೇಹ, ಕಾಲಿನ ಹಲಗೆಗಳ ಅಡಿಗೆ ನುಣುಪಾದ ಮೇಣ. ಇಷ್ಟೇ!

ಪರ್ತ್‌ನಿಂದ ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದ ಭಾವಮೈದ ಪ್ರಸನ್ನನಿಗೆ ಊಟದ ಹೊತ್ತಿನಲ್ಲಿ ಇದನ್ನೇ ವಿವರಿಸಿದೆ.

"ಭಾವ, ನಮ್ ಕಡೆ ಮರಳು ದಿಬ್ಬದ ಮೇಲೆ ನಾನು ಜಾರಿದೀನಿ. ನೋಡೋಕಷ್ಟೇ ಸುಲಭ," ಎಂದ.

"ನಿನಗೆ ವಿಜ್ಞಾನ ಗೊತ್ತಿಲ್ಲ ಕಣಯ್ಯ. ಬ್ರಿಸ್ಬೇನ್‌ನಲ್ಲೂ ದಿಬ್ಬ ಇದೆ. ಶನಿವಾರ ತೋರಿಸ್ತೀನಿ!"

"ರೀ, ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಳ್ಳೋರು ನೀವು," ಎಂದಳು ಹೆಂಡತಿ ಸುಮಾ.

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಡಾಕ್ಟರು. ಊರಿನವರ ಮುರಿದ ಮೂಳೆಗಳೆಲ್ಲ ನನ್ನ ಕಣ್ಣ ಮುಂದೆಯೇ ಹಾದುಹೋಗುತ್ತವೆ. ಆದರೂ ಬುದ್ಧಿ ಬರಲಿಲ್ಲ.

ಪಕ್ಕದ ಮನೆಯ ತೆಳ್ಳಗಿನ ಹುಡುಗನ ಸರ್ಫಿಂಗ್ ಸೂಟನ್ನು ಕೇಳಿ ತಂದೆ. ಶನಿವಾರ, ಫೋನು ಹಿಡಿದ ಮಗಳನ್ನೂ ಕರೆದುಕೊಂಡು, ಬೋಟು ಹತ್ತಿ ಮರಳು ದಿಬ್ಬಗಳ ದ್ವೀಪಕ್ಕೆ ಹೋದೆವು. ಪ್ರಸನ್ನ ಹಿಂದಿನಿಂದ ಜಿಪ್ ಎಳೆದ, ಸುಮಾ ಮುಂದಿನಿಂದ ನನ್ನ ಹೊಟ್ಟೆ ಒತ್ತಿದಳು. ಸೂಟಿನೊಳಗೆ ನಾನು ಸೇರಿದೆ. ಉಸಿರು ಹೊರಗೇ ಉಳಿಯಿತು!

ಗೈಡ್ ಹುಡುಗಿ ಎಲ್ಲರಿಗೂ ಒಂದೊಂದು ಹಲಗೆ ಕೊಟ್ಟು ಹೇಳಿದಳು: ಹೊಟ್ಟೆಯ ಮೇಲೆ ಮಲಗಿ, ಹಲಗೆಯ ಮುಂಭಾಗ ಎತ್ತಿ ಹಿಡಿಯಿರಿ, ಬಾಯಿ ಮುಚ್ಚಿಕೊಂಡಿರಿ.

"ಕೇಳಿಸ್ತಾ? ಮದುವೆ ಆದಾಗಿಂದ ನಾನೂ ಅದನ್ನೇ ಹೇಳ್ತಿದ್ದೀನಿ!" ಎಂದಳು ಸುಮಾ.

ಗೈಡ್ ಆಗಲೇ ಹಲಗೆಗೆ ಮೇಣ ತಿಕ್ಕಿದ್ದಳು. ದಾಖಲೆಗೆ ಅದು ಸಾಲದು ಎಂದುಕೊಂಡು, ನಾನು ಗುಟ್ಟಾಗಿ ಚೀಲದಿಂದ ಕೊಬ್ಬರಿ ಎಣ್ಣೆ ತೆಗೆದು ಹಲಗೆಯ ಅಡಿಗೆ ಧಾರಾಳವಾಗಿ ಬಳಿದೆ. ಉಳಿದದ್ದನ್ನು ಸೂಟಿಗೂ ಸವರಿದೆ.

ಪ್ರಸನ್ನ ಸುಯ್ಯೆಂದು ಇಳಿದುಹೋದ. ನನ್ನ ಸರದಿ. "ಎಲ್ಲರೂ ಗಮನಿಸಿ, ಗಾಳಿಯ ತಡೆ..." ಎಂದು ಬಾಯಿ ತೆರೆಯುವಷ್ಟರಲ್ಲಿ ಹಲಗೆ ಹೊರಟಿತು.

ಅರ್ಧ ದಾರಿ ಚೆನ್ನಾಗಿಯೇ ಹೋದೆ. ಅಷ್ಟರಲ್ಲಿ ಎಣ್ಣೆಗೆ ಮರಳು ಮೆತ್ತಿ ಮೆತ್ತಿ ಹಲಗೆ ಗಕ್ಕನೆ ನಿಂತಿತು. ನಾನು ನಿಲ್ಲಲಿಲ್ಲ! ಉಳಿದ ದಿಬ್ಬವನ್ನು ಉರುಳುತ್ತಲೇ ಇಳಿದೆ. ಕತ್ತಿನ ಬಳಿ ಜಿಪ್ ಬಿರಿಯಿತು. ದ್ವೀಪದ ಅರ್ಧ ಮರಳು ಸೂಟಿನೊಳಗೆ, ಇನ್ನರ್ಧ ಬಾಯೊಳಗೆ.

"ಭಾವ, ರವಾ ಫ್ರೈ ಆಗ್ಬಿಟ್ರಲ್ಲ!" ಎಂದು ಪ್ರಸನ್ನ ನಕ್ಕ. ನಾನು ನಗಲಿಲ್ಲ. ಬಲಗೈ ಅಲ್ಲಾಡುತ್ತಿರಲಿಲ್ಲ. ಸ್ಪರ್ಶವೇ ಇರಲಿಲ್ಲ.

ಮರಳು ಉಗುಳಿ, ವೃತ್ತಿಗೆ ತಕ್ಕ ಗಾಂಭೀರ್ಯದಿಂದ ಘೋಷಿಸಿದೆ. "ಮುರಿದಿದೆ. ಎರಡು ಕಡೆ. ಆಪರೇಷನ್ನೇ ಆಗ್ಬೇಕು."

ಪ್ರಸನ್ನನ ನಗು ನಿಂತಿತು. ಸುಮಾ ಮರಳಿನಲ್ಲಿ ಕುಸಿದು ಕೂತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಬೇಡ ಬೇಡ ಅಂದ್ರೂ ಕೇಳ್ಲಿಲ್ವಲ್ಲ ರೀ," ಎಂದು ಅತ್ತೇಬಿಟ್ಟಳು. ಅವಳ ಕಣ್ಣೀರು ಹಣೆಗೆ ಬಿದ್ದಾಗ ನನಗೂ ಹೆದರಿಕೆಯಾಯಿತು.

ಗೈಡ್ ಹುಡುಗಿ ಕತ್ತರಿ ಹಿಡಿದು ಓಡಿಬಂದು, ಸೂಟಿನ ತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಸೀಳಿದಳು. ಒಳಗಿಂದ ಧೊಪ್ಪನೆ ಒಂದು ರಾಶಿ ಮರಳು ಸುರಿಯಿತು. ಅದರ ಹಿಂದೆಯೇ ಕೈ ಹೊರಗೆ ಬಂತು. ಬೆರಳುಗಳು ಜುಮುಜುಮು ಎಂದವು. ಒಂದೊಂದಾಗಿ ಅಲ್ಲಾಡಿದವು. ಬಿಗಿಯಾದ ತೋಳಿನಲ್ಲಿ ಮರಳು ತುಂಬಿ ಕೈ ಜೋಮು ಹಿಡಿದಿತ್ತು, ಅಷ್ಟೇ!

"ಎರಡು ಕಡೆ ಮುರಿದಿದೆಯಂತೆ!" ಎಂದಳು ಸುಮಾ, ಅಳುತ್ತಲೇ ನಗುತ್ತ. ಉಳಿದ ಸೂಟನ್ನೂ ಅಲ್ಲಲ್ಲಿ ಕತ್ತರಿಸಿದ ಮೇಲೆ ಬೆಳಗಿನಿಂದ ಹೊರಗೇ ಇದ್ದ ಉಸಿರು ಮನೆಗೆ ಬಂತು. ಆಹಾ! ಯಾವ ದಾಖಲೆವೀರನಿಗೂ ಪದಕ ಅಷ್ಟು ಸುಖ ಕೊಟ್ಟಿರಲಾರದು.

ಸಂಜೆ ಬೋಟಿನಲ್ಲಿ, ಚಿಂದಿ ಸೂಟಿನ ಮೇಲೆ ಸುಮಾಳ ದುಪಟ್ಟಾ ಹೊದ್ದು ಕೂತಿದ್ದೆ. ಎದುರಿಗಿದ್ದ ಆಸ್ಟ್ರೇಲಿಯನ್ ಅಜ್ಜ ಆ ಚಿಂದಿಗಳನ್ನು ಬಹಳ ಗೌರವದಿಂದ ನೋಡಿ, ದನಿ ತಗ್ಗಿಸಿ ಕೇಳಿದ: "ಶಾರ್ಕ್, ಮೇಟ್?"

ನಾನು ದೂರದ ಸಮುದ್ರವನ್ನು ನೋಡುತ್ತ, ಗಂಭೀರವಾಗಿ ಹೌದೆಂದು ತಲೆ ಆಡಿಸಲು ಹೊರಟಿದ್ದೆ. ಮನೆಯಲ್ಲಿ ಯಾವ ಪ್ರಶ್ನೆಗೂ ಉತ್ತರ ಕೊಡದ ನನ್ನ ಮಗಳು ಫೋನಿನಿಂದ ತಲೆಯೆತ್ತಿ, ಇಡೀ ಬೋಟಿಗೆ ಕೇಳುವಂತೆ ಹೇಳಿದಳು:

"ನೋ. ಸ್ಯಾಂಡ್."