ತಿಕೋಟಾದಲ್ಲಿ ಸಿಕ್ಕಿಬಿದ್ದ ತೊಟ್ಟಿಲು

ಹೊಸ ಆರ್ಮ್ ಪ್ರೊಸೆಸರ್‌ನ ಲ್ಯಾಪ್‌ಟಾಪುಗಳು ಹಳೆಯ ಬಗೆಯ ಚಿಪ್ಪುಗಳಿಗೆ ಸರಿಸಾಟಿಯಾಗಬಲ್ಲವೇ? ಈ ಪ್ರಶ್ನೆಗೆ ವಿಜಯಪುರ ನಗರದಲ್ಲಿ ಖಚಿತ ಉತ್ತರ ಗೊತ್ತಿರುವ ಏಕೈಕ ವ್ಯಕ್ತಿ ನಾನೇ ಎಂದು ಮೊನ್ನೆಮೊನ್ನೆಯವರೆಗೆ ನಂಬಿದ್ದೆ. ನಾನು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಚಿಪ್ಪಿಗೂ ನನಗೂ ಇರುವ ಸಂಬಂಧ ಊಟವಾದ ಮೇಲೆ ಮೊಬೈಲಿನಲ್ಲಿ ನೋಡುವ ವಿಡಿಯೊಗಳದ್ದು ಮಾತ್ರ. ಆದರೆ ಅಷ್ಟೆಲ್ಲ ವಿಡಿಯೊ ನೋಡಿದವನು ಅಭಿಪ್ರಾಯ ಇಟ್ಟುಕೊಳ್ಳಬಾರದು ಎಂದರೆ ಅದು ಅನ್ಯಾಯ.

ಮನೆಯಲ್ಲೊಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು, ತಳ ಮುಟ್ಟಿದರೆ ರೊಟ್ಟಿಯ ಹಂಚಿನ ಬಿಸಿ. ವೈರು ಕಿತ್ತರೆ ಅಲ್ಲೇ ಪ್ರಾಣ ಬಿಡುತ್ತಿತ್ತು. ಅದನ್ನು ಹೆಚ್ಚು ಬಳಸುತ್ತಿದ್ದವಳು ನನ್ನ ಹೆಂಡತಿ ಸುವರ್ಣಾ. ಪಡಸಾಲೆಯಲ್ಲಿ ಅವಳದೊಂದು ಕಂಪ್ಯೂಟರ್ ಕಸೂತಿ ಮಷೀನಿದೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ಕಳಿಸಿದರೆ ಮಷೀನು ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಗಿರಾಕಿಗಳು ಈಗೀಗ ಬರತೊಡಗಿದ್ದರು.

ಇಂಥ ಮನೆಗೆ ನಾನು ಆರ್ಮ್ ಚಿಪ್ಪಿನ ಹೊಸ ಲ್ಯಾಪ್‌ಟಾಪ್ ತಂದೆ. ತೆಳ್ಳಗಿದೆ, ತಣ್ಣಗಿದೆ, ಒಳಗೆ ಫ್ಯಾನೇ ಇಲ್ಲ! ಒಮ್ಮೆ ಚಾರ್ಜ್ ಮಾಡಿದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುತ್ತದೆ. ಈ ಎಲ್ಲ ಗುಣಗಳನ್ನು ಸುವರ್ಣಾಳಿಗೆ ಸವಿಸ್ತಾರವಾಗಿ ನಿವೇದಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನನ್ನ ಮಷೀನಿಂದು ಇದರಾಗ ನಡೀತೈತೇನ್ರಿ? ಮೊದಲ ಅದನ್ನ ನೋಡ್ರಿ, ಆಮ್ಯಾಗ ಹಳೇದು ಯಾರಿಗರೆ ಕೊಡ್ರಿ."

ನಾನು ನಕ್ಕೆ. ಹಳೆಯ ಚಿಪ್ಪಿಗೆ ಬರೆದ ಸಾಫ್ಟ್‌ವೇರನ್ನು ಈ ಹೊಸದು ದುಭಾಷಿಯಂತೆ ಅನುವಾದ ಮಾಡಿಕೊಂಡು ತಾನೇ ನಡೆಸುತ್ತದೆ ಎಂದು ಸಮಾಧಾನ ಹೇಳಿದೆ. ಆ ನಗುವಿನ ಗುಂಗಿನಲ್ಲೇ, ಅವಳ ಚಿತ್ರಗಳನ್ನೆಲ್ಲ ಹೊಸದಕ್ಕೆ ಸಾಗಿಸಿ, ಹಳೆಯದನ್ನು ಪೂರ್ತಿ ಅಳಿಸಿ ತೊಳೆದಿಟ್ಟಂತೆ ಮಾಡಿ, ಪಕ್ಕದ ಮನೆಯ ದಸ್ತಗೀರಭಾಯಿಗೆ ಕೊಟ್ಟುಬಿಟ್ಟೆ. ತಿಕೋಟಾದಲ್ಲಿ ಅವರದು ಒಣದ್ರಾಕ್ಷಿಯ, ಅಂದರೆ ಮಣೂಕದ, ಶೆಡ್ಡಿದೆ. ಅಲ್ಲಿನ ಕ್ಯಾಮೆರಾ ನೋಡಲು ಅವರಿಗೊಂದು ಕಂಪ್ಯೂಟರ್ ಬೇಕಿತ್ತು. ಡಬ್ಬಾ ಇದೆ, ಬೇಕಾದರೆ ಒಯ್ಯಿರಿ ಎಂದು ಉದಾರವಾಗಿ ಹೇಳಿದ್ದೆ.

ಅಷ್ಟರಲ್ಲಿ ಕುಬಸದ ಕಾರ್ಯ ಬಂತು. ಸುವರ್ಣಾಳ ತಂಗಿಯ ಮಗಳನ್ನು ಸಾರವಾಡಕ್ಕೆ ಕೊಟ್ಟಿದೆ. ಚೊಚ್ಚಲ ಬಸಿರು. ತವರಿನವರು ಹಸಿರು ಸೀರೆ, ಹಸಿರು ಕುಬಸ ಅಂದರೆ ರವಿಕೆ ಒಯ್ದು ಉಡಿಸಿ ಆರತಿ ಮಾಡುವ ಕಾರ್ಯ. ಕುಬಸ ಹೊಲಿದು ತರುವುದು ದೊಡ್ಡವ್ವಳಾದ ತನ್ನ ಹೊಣೆ ಎಂದು ಸುವರ್ಣಾ ಎಲ್ಲರೆದುರು ಮಾತು ಕೊಟ್ಟಿದ್ದಳು. ಬೆನ್ನಿನ ಮೇಲೆ ತೊಟ್ಟಿಲು, ಅದರ ಎರಡೂ ಕಡೆ ಗಿಳಿ. ಆ ಚಿತ್ರವನ್ನು ಹಳೆಯ ಲ್ಯಾಪ್‌ಟಾಪ್ ಇದ್ದಾಗಲೇ ಎಷ್ಟೋ ಸಲ ತಿದ್ದಿ ಬರೆದಿಟ್ಟಿದ್ದಳು. ನೆರೆದ ಹೆಂಗಸರೆಲ್ಲ ಅದನ್ನು ನೋಡುವವರು. ಚೆನ್ನಾಗಿ ಬಂದರೆ ಅವಳ ಮಷೀನಿಗೆ ಆ ಕಡೆಯ ಊರುಗಳ ಕೆಲಸವೆಲ್ಲ ಸಿಗುವಂತಿತ್ತು.

ಕಾರ್ಯದ ಹಿಂದಿನ ದಿನ ಹೊಸ ಲ್ಯಾಪ್‌ಟಾಪನ್ನು ಮಷೀನಿನ ಪಕ್ಕದಲ್ಲಿಟ್ಟೆವು. ಕಸೂತಿಯ ಸಾಫ್ಟ್‌ವೇರ್ ತೆರೆದುಕೊಂಡಿತು. ನಾನು ಸುವರ್ಣಾಳ ಕಡೆ ವಿಜಯದ ನೋಟ ಬೀರಿದೆ. ಮರುಕ್ಷಣ ಅದು ಕೀಲಿ ಕೇಳಿತು. ಕೀಲಿಯೆಂದರೆ ಮಷೀನಿನ ಜೊತೆ ಬಂದ ಬೆರಳುದ್ದದ ಯುಎಸ್‌ಬಿ ಕಡ್ಡಿ. ಅದನ್ನು ಚುಚ್ಚಿದೆ, ತೆಗೆದೆ, ಊದಿದೆ, ಮತ್ತೆ ಚುಚ್ಚಿದೆ. ಆ ಕಡ್ಡಿಯನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್ ಹಳೆಯ ಚಿಪ್ಪಿಗಷ್ಟೇ ಬರೆದದ್ದು, ಈ ಪ್ರೊಸೆಸರ್‌ಗೆ ಹೊಂದುವುದಿಲ್ಲ ಎಂಬ ಸಂದೇಶ ಬಂತು. ನಮ್ಮ ದುಭಾಷಿಗೆ ಎಲ್ಲ ಬರುತ್ತಿತ್ತು, ಡ್ರೈವರಿನ ಭಾಷೆಯೊಂದನ್ನು ಬಿಟ್ಟು!

ಸುವರ್ಣಾ ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸಿತು.

"ಕುಬಸ ಇಲ್ಲದ ಕುಬಸದ ಕಾರ್ಯಕ್ಕ ಹೆಂಗ ಹೋಗ್ಲಿ? ಬೀಗರ ಮುಂದ ಏನಂತ ಹೇಳ್ಲಿ? ನಮ್ಮ ಮನಿಯವರ ಲ್ಯಾಪ್‌ಟಾಪ್ ಭಾಳ ತಣ್ಣಗೈತಿ ಅಂತ ಹೇಳ್ಲೇನು?"

ನಾನು ಬಸ್ಸು ಹಿಡಿದೆ. ತಿಕೋಟಾದ ಶೆಡ್ಡಿನಲ್ಲಿ ದಸ್ತಗೀರಭಾಯಿ ನಮ್ಮ ಡಬ್ಬಾದ ಮುಂದೆ ಕೂತು ಚಹಾ ಕುಡಿಯುತ್ತಿದ್ದರು. ವಿಷಯ ತಿಳಿಸಿ, ಅದೊಂದು ಅಪರೂಪದ ಯಂತ್ರವೆಂದು ಹೊಗಳಿದೆ. ಅವರು ಗಂಭೀರವಾಗಿ ಒಪ್ಪಿದರು.

"ಖರೇನ ಐತ್ರಿ ಪಾಟೀಲ್ರ. ಇದರ ಗಾಳಿಗಿ ಒಂದ್ ತಟ್ಟಿ ಮಣೂಕ ಒಣಗತಾವ. ಒಯ್ರಿ. ಆದ್ರ ನನ್ನ ಕ್ಯಾಮೆರಾಕ್ಕ ಏನ್ ಮಾಡ್ಲಿ?"

ತೋರಿಸಿ ಮರ್ಯಾದೆ ಉಳಿಸಿಕೊಳ್ಳೋಣವೆಂದು ಹೊಸ ಲ್ಯಾಪ್‌ಟಾಪನ್ನೂ ಚೀಲದಲ್ಲಿ ಒಯ್ದಿದ್ದೆ. ಅದರಲ್ಲಿ ಕ್ಯಾಮೆರಾ ತೆರೆದು ಕೊಟ್ಟೆ. ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಕರೆಂಟು ಹೋಗಿ ಡಬ್ಬಾ ಸತ್ತಿತು, ಬ್ಯಾಟರಿಯ ಮೇಲೆ ನಡೆಯುವ ಕ್ಯಾಮೆರಾದ ಚಿತ್ರ ಹೊಸದರಲ್ಲಿ ಹಾಗೇ ಇತ್ತು. ನೋಡಿದಿರಾ ಆರ್ಮ್ ಚಿಪ್ಪಿನ ತಾಕತ್ತು ಎಂದು ಪುಟ್ಟ ಭಾಷಣವನ್ನೂ ಮಾಡಿ, ಅದನ್ನು ಅಲ್ಲೇ ಬಿಟ್ಟು, ಡಬ್ಬಾವನ್ನು ಎದೆಗವಚಿಕೊಂಡು ಮನೆಗೆ ಬಂದೆ.

ಸುವರ್ಣಾ ಸೀಡಿ ಹಾಕಿ ಸಾಫ್ಟ್‌ವೇರ್ ಕೂಡಿಸಿದಳು. ಕಡ್ಡಿ ಚುಚ್ಚಿದಳು. ಗಿರಣಿಯ ಸದ್ದಿನೊಂದಿಗೆ ಎಲ್ಲ ತೆರೆದುಕೊಂಡಿತು. ಆಮೇಲೆ ಅದು ಬಹಳ ವಿನಯದಿಂದ, ಯಾವ ಚಿತ್ರ ಹೊಲಿಯಬೇಕು ಎಂದು ಕೇಳಿತು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ತೊಟ್ಟಿಲು ತಿಕೋಟಾದಲ್ಲಿತ್ತು!

ದಸ್ತಗೀರಭಾಯಿಗೆ ಫೋನು ಮಾಡಿ ಆ ಚಿತ್ರವನ್ನು ಕಳಿಸಲು ಬೇಡಿಕೊಂಡೆ. ಧೂಳು ಬೀಳಬಾರದೆಂದು ಅವರು ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದರಂತೆ.

"ತೆರದ್ರ ನಿಮ್ಮ ಮಾರಿ ಕೇಳಾಕತ್ತೇತ್ರಿ ಇದು," ಎಂದರು.

ಹೌದು, ಮುಖ ನೋಡಿ ತೆರೆಯುವ ಬೀಗ ಹಾಕಿದ್ದೆ. ಮುಖ ಇಲ್ಲದಿದ್ದರೆ ಪಿನ್ ಹೊಡೆಯಬಹುದು. ಆದರೆ ನನ್ನ ಮುಖದ ಮೇಲೆ ಪೂರ್ಣ ಭರವಸೆಯಿಟ್ಟು ಆ ಪಿನ್ನನ್ನು ಎಂದೋ ಮರೆತಿದ್ದೆ. ಕೊನೆಗೆ ವಿಡಿಯೊ ಕಾಲ್ ಮಾಡಿದೆ. ಅವರು ತಮ್ಮ ಮೊಬೈಲನ್ನು ಲ್ಯಾಪ್‌ಟಾಪಿನ ಎದುರು ಹಿಡಿದರು. ನಾನು ನಕ್ಕೆ, ಗಂಭೀರನಾದೆ, ಕನ್ನಡಕ ತೆಗೆದೆ. ಲ್ಯಾಪ್‌ಟಾಪ್ ನನ್ನನ್ನು ಗುರುತಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸುವರ್ಣಾ ಬಾಗಿಲ ಕಡೆ ಕೈ ತೋರಿಸಿದಳು.

ಒಂದೇ ದಿನದಲ್ಲಿ ಎರಡನೆಯ ಸಲ, ಈ ಬಾರಿ ನನ್ನ ಮುಖವೊಂದನ್ನೇ ಹೊತ್ತುಕೊಂಡು ತಿಕೋಟಾಕ್ಕೆ ಹೋದೆ. ಎದುರಿಗೆ ಕೂತದ್ದೇ ತಡ, ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೆರೆದುಕೊಂಡಿತು. ಅಷ್ಟು ವೇಗ ಹಳೆಯ ಚಿಪ್ಪಿನಲ್ಲಿ ಸಾಧ್ಯವೇ ಇಲ್ಲ ಎಂದು ಹೇಳಲು ಬಾಯಿ ತೆರೆದವನು ದಸ್ತಗೀರಭಾಯಿಯ ಮುಖ ನೋಡಿ ತೊಟ್ಟಿಲು ಹುಡುಕತೊಡಗಿದೆ. ಚಿತ್ರವನ್ನು ಸುವರ್ಣಾಳ ಮೊಬೈಲಿಗೆ ಕಳಿಸಿದೆ. ನಾನು ಮನೆ ಮುಟ್ಟುವಷ್ಟರಲ್ಲಿ ಎರಡು ಗಿಳಿಗಳೂ ಮುಗಿದು ಮಷೀನು ತೊಟ್ಟಿಲ ಹಗ್ಗ ಹೊಲಿಯುತ್ತಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಕಣ್ಣು ತೇವವಾಯಿತು.

ಮರುದಿನ ಸಾರವಾಡದಲ್ಲಿ ಹುಡುಗಿ ಆ ಕುಬಸ ತೊಟ್ಟು ಆರತಿಗೆ ಕೂತಾಗ ಹೆಂಗಸರು ಅವಳನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಬೆನ್ನು ನೋಡಿದರು. ಅಲ್ಲೇ ನಾಲ್ಕಾರು ಜನ ತಮಗೂ ಬೇಕೆಂದು ಸುವರ್ಣಾಳ ನಂಬರು ಬರೆದುಕೊಂಡರು. ಬೀಗತಿಯಂತೂ ಇಂಥ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಕೂಡಿ ದುಡಿದಿರಬೇಕು, ಅಣ್ಣಾರು ಏನೇನು ಮಾಡಿದರು ಎಂದು ಅಕ್ಕರೆಯಿಂದ ವಿಚಾರಿಸಿದರು. ನಾನು ಹೋಳಿಗೆಯ ತಾಟಿನಿಂದ ತಲೆಯೆತ್ತಿ, ಆರ್ಮ್ ಚಿಪ್ಪಿನ ವಿಷಯ ಎಲ್ಲಿಂದ ಆರಂಭಿಸಲಿ ಎಂದು ಗಂಟಲು ಸರಿಮಾಡಿಕೊಂಡೆ.

ಸುವರ್ಣಾ ನನಗಿಂತ ಮೊದಲೇ ಉತ್ತರ ಕೊಟ್ಟಳು.

"ಚಿತ್ರ ನಂದು, ಹೊಲಿಗಿ ಮಷೀನಿಂದು. ನಮ್ಮವರದು ಬರೇ ಮಾರಿ."