ಆಕಾಶ ನೀಲಿಯ ಗಾಲ್ಫ್ ಚೆಂಡು

ಈ ಎರಡು ವರ್ಷಗಳಿಂದ ಜಗತ್ತಿನಲ್ಲಿ ಬಿಳಿ ಬಣ್ಣ ಕೆಟ್ಟುಹೋಗಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಹಾಲು ಮೊದಲಿನಷ್ಟು ಬೆಳ್ಳಗಿರಲಿಲ್ಲ, ಮಲ್ಲಿಗೆ ಬೆಳ್ಳಗಿರಲಿಲ್ಲ, ಇಸ್ತ್ರಿ ಅಂಗಡಿಯಿಂದ ಬಂದ ಧೋತರವಂತೂ ಸಜ್ಜಕದ ಬಣ್ಣಕ್ಕೆ ತಿರುಗಿರುತ್ತಿತ್ತು. ಸಾಬೂನು ಮಾಡುವವರು ಮೋಸ ಮಾಡುತ್ತಿದ್ದಾರೆ, ಎಮ್ಮೆಗಳಿಗೆ ಮೇವು ಸರಿಯಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಯಾರೂ ಎದುರಾಡುತ್ತಿರಲಿಲ್ಲ. ಆಡುವುದಾದರೂ ಹೇಗೆ? ಸೊಲ್ಲಾಪುರದ ಟವೆಲ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಣ್ಣ ಕಲಸಿದವನು ನಾನು. ಓಣಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ರಂಗ್ ಮಾಸ್ತರ ಅಂದರೆ ಮನೆ ತೋರಿಸುತ್ತಾರೆ. ಬಣ್ಣದ ವಿಷಯದಲ್ಲಿ ನನ್ನ ಮಾತು ಮೀರಿದರೆ ನನ್ನ ಹೆಂಡತಿ ಸುಶೀಲೆಗೂ ಉಳಿಗಾಲವಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕಲಕೋಟದಲ್ಲಿ ಸುಶೀಲೆಯ ಅಣ್ಣ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಿದ್ದ. ಊಟವಾದ ಮೇಲೆ ನಾನು ಗೋಡೆಗಳನ್ನು ಮೇಲಿಂದ ಕೆಳಗೆ ನೋಡಿ, "ಬಾದಾಮಿ ಬಣ್ಣ ಭಾಳ ಚಲೋ ಆರಿಸೀ ನೋಡಪಾ, ಬಿಳಿ ಹಚ್ಚಿದ್ರ ದವಾಖಾನಿ ಆಗ್ತಿತ್ತು" ಎಂದು ಹೊಗಳಿದೆ. ಅವನ ಮುಖ ಸಣ್ಣದಾಯಿತು. ಹೊಗಳಿಕೆ ಸಾಲಲಿಲ್ಲವೇನೋ ಎಂದುಕೊಂಡು ಇನ್ನಷ್ಟು ಹೊಗಳಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸುಶೀಲೆ ಸೊಲ್ಲಾಪುರ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ತವರಿನ ನೆನಪು ಎಂದುಕೊಂಡೆ.

ಆ ಮಳೆಗಾಲದಲ್ಲಿಯೇ ಕಾರ್ಖಾನೆಗೆ ಬಣ್ಣ ಅಳೆಯುವ ಯಂತ್ರ ಬಂತು. ಬಟ್ಟೆಯ ತುಂಡನ್ನು ಅದರ ಬಾಯಿಗೆ ಇಟ್ಟರೆ ಉದ್ದನೆಯ ಒಂದು ಅಂಕಿ ಹೇಳುತ್ತದೆ. ಅದನ್ನು ಕಂಡು ನನಗೆ ಆದ ಗಾಬರಿ ಅಷ್ಟಿಷ್ಟಲ್ಲ, ಏಕೆಂದರೆ ದೀಪಾವಳಿಗೆ ನನ್ನ ನೌಕರಿಯ ಅವಧಿ ಮುಗಿಯುತ್ತಿತ್ತು. ಮುಂದೆ ನನ್ನ ಕಣ್ಣು ಬೇಕೋ ಯಂತ್ರ ಸಾಕೋ ಎಂಬುದನ್ನು ಮಾಲಕರು ಇನ್ನೂ ಹೇಳಿರಲಿಲ್ಲ. ಮನೆಯಲ್ಲಿ ಕೂತು ನಾನು ಮಾಡುವುದೇನು? ಧೋತರ ನೋಡಿ ಬೈಯುವುದೊಂದೇ ಕೆಲಸವಾದರೆ ಸುಶೀಲೆ ಅಕ್ಕಲಕೋಟಕ್ಕೆ ಹೋಗಿಬಿಡುತ್ತಾಳೆ ಎಂದು ನಿಜವಾಗಿಯೂ ಹೆದರಿದ್ದೆ.

ಇಲ್ಲಿ ಮಾಲಕರ ಗಾಲ್ಫಿನ ಸಂಗತಿ ಹೇಳಬೇಕು. ಡಾಕ್ಟರು ಅವರಿಗೆ ದಿನಾ ನಡೆಯಲು ಹೇಳಿದ್ದರು. ಕಾರಣವಿಲ್ಲದೆ ನಡೆಯುವುದು ಮಾಲಕರಾದವರಿಗೆ ಶೋಭಿಸುವುದಿಲ್ಲವಾದ್ದರಿಂದ ಅವರು ಬೋರಾಮಣಿಯ ಹತ್ತಿರ ತಮ್ಮದೇ ಹುಲ್ಲುಗಾವಲಿನಲ್ಲಿ ಮೂರು ಕುಳಿ ತೋಡಿಸಿ, ನಮ್ಮ ಕಾರ್ಖಾನೆಯಲ್ಲಿ ಪಾಸಾಗದ ಟವೆಲ್‌ಗಳನ್ನೇ ಬಾವುಟ ಮಾಡಿ ನೆಟ್ಟು, ಗಾಲ್ಫ್ ಆಡತೊಡಗಿದರು. ಮೊದಲ ಸಲ ನೋಡಿದಾಗ ನಾನು ದಂಗಾದೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಚೆಂಡನ್ನು ಬಡಿಗೆಯಿಂದ ದೂರ ಓಡಿಸಿ, ಮತ್ತೆ ತಾನೇ ಹುಡುಕಿಕೊಂಡು ಹೋಗುವುದೆಂದರೆ! ಮಳೆಗಾಲದ ಹಸಿರಿನಲ್ಲಿ ಬಿಳಿ ಚೆಂಡು ಹೇಗೋ ಸಿಗುತ್ತಿತ್ತು. ನವರಾತ್ರಿ ಬರುವ ಮೊದಲೇ ಹುಲ್ಲು ಒಣಗಿ, ತೆನೆಗಳು ಬೆಳ್ಳಗೆ ಬಿರಿಯತೊಡಗಿದ್ದೇ ತಡ, ಚೆಂಡುಗಳು ಕಾಣೆಯಾಗತೊಡಗಿದವು.

"ಮಾಸ್ತರ, ರೋಜ್ ಎರಡು ಮೂರು ಬಾಲ್ ಗಾಯಬ್ ಆಗ್ತಾವ," ಎಂದರು ಮಾಲಕರು ನನ್ನನ್ನು ಕರೆಸಿ. ಅವರ ಮನೆಮಾತು ಮರಾಠಿ. ನನ್ನ ಮೇಲಿನ ಪ್ರೀತಿಗೆ ಕನ್ನಡ ಆಡುತ್ತಾರೆ. "ಈ ಹುಲ್ಲಿನ್ಯಾಗ ಯಾವ ರಂಗ ಎದ್ದು ಕಾಣ್ತದ ಹೇಳ್ರಿ. ಮಶೀನಿಗೆ ಕೇಳಿದೆ, ಅದು ನಂಬರ್ ಹೇಳ್ತದ. ನೀವು ರಂಗ ಹೇಳ್ರಿ. ಬಾಲ್ ಸಿಕ್ತಂದ್ರ ದಿವಾಳಿ ಹಬ್ಬ ಆದಮ್ಯಾಲೂ ನೀವಽ ಮಾಸ್ತರ."

ಅಂದರೆ ನನ್ನ ಮೂವತ್ತು ವರ್ಷದ ಮಾನ ಒಂದು ನಿಂಬೆಕಾಯಿ ಗಾತ್ರದ ಚೆಂಡಿನ ಮೇಲೆ ಕೂತಿತು. ನಾನು ಬೋರಾಮಣಿಗೆ ಹೋಗಿ ಹುಲ್ಲು ಕಿತ್ತು ತಂದು, ಟವೆಲ್ಲಿನ ನಮೂನೆಗಳನ್ನು ಜೋಡಿಸಿದಂತೆ ಅಡುಗೆಮನೆಯ ಕಟ್ಟೆಯ ಮೇಲೆ ಜೋಡಿಸಿದೆ. ಕೆಂಪು ಬೇಡ, ಹುಲ್ಲಿನ ತುದಿ ಆಗಲೇ ಕೆಂಪಡರಿತ್ತು. ಹಳದಿ ಬೇಡ, ಅಲ್ಲಿ ಹಳದಿ ಹೂವಿನ ಗಿಡಗಳು ತುಂಬಿದ್ದವು. ಕೇಸರಿ ಬೇಡ, ಪಕ್ಕದಲ್ಲಿ ಯಾರೋ ದೀಪಾವಳಿಗೆಂದು ಚೆಂಡುಹೂ ಹಾಕಿದ್ದರು. ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಬಣ್ಣ ಒಂದೇ, ಆಕಾಶ ನೀಲಿ. ಅದು ಹೊಳೆದಾಗ ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮಾಲಕರಿಂದ ಮೂರು ಬಿಳಿ ಚೆಂಡು ತಂದು, ಸುಶೀಲೆ ಹುಗ್ಗಿ ಮಾಡುವ ಪಾತೇಲಿಯಲ್ಲಿ ಕುದಿಯಲು ಇಟ್ಟೆ. ಅವಳು ಬಾಗಿಲಲ್ಲಿ ಬಂದು ನಿಂತಳು. ಚಿಟಿಕೆ ನೀಲಿ ಹಾಕಿದೆ, ಚೆಂಡು ಪಾಚಿಗಟ್ಟಿದಂತೆ ಕಂಡಿತು. ಇನ್ನೊಂದು ಚಿಟಿಕೆ ಹಾಕಿದೆ. ಆಮೇಲೆ ಚಮಚಕ್ಕೆ ಕೈ ಹಾಕಿದೆ.

"ಸಾಕ್ರಿ, ಭಾಳ ಆತು," ಎಂದಳು ಸುಶೀಲೆ.

"ಇನ್ನೂ ತಿಳಿ ಅದ."

"ಇದು ತಿಳಿ ಏನ್ರಿ?"

"ನಿನಗೊಮ್ಮೆ ಕಣ್ಣು ತೋರಿಸ್ಕೊಂಡು ಬರಬೇಕು," ಎಂದೆ.

"ಹೌದ್ರಿ, ಕಣ್ಣು ತೋರಿಸೋದು ಅದ," ಎಂದು ಅವಳು ಒಳಗೆ ಹೋದಳು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಮಾತನ್ನು ಇಷ್ಟು ಬೇಗ ಒಪ್ಪಿಕೊಂಡಳಲ್ಲ ಎಂದು ಸ್ವಲ್ಪ ದಿಗಿಲೂ ಆಯಿತು.

ಪರೀಕ್ಷೆ ಸೀಗಿ ಹುಣ್ಣಿಮೆಯ ದಿನ. ಅವತ್ತು ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಐದು ಕಲ್ಲುಗಳಿಗೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಅವರ ಬೆನ್ನ ಹಿಂದೆ ಆರನೆಯ ಒಂದು ಕಲ್ಲನ್ನು ಸುಣ್ಣ ಬಳಿಯದೆ ಇಡುತ್ತಾರೆ, ಅವನು ಕಳ್ಳ. ಹೊಲ ಕಾಯುವವರು ಐವರಾದರೂ ಎಡೆಯಲ್ಲಿ ಕಳ್ಳನಿಗೂ ಪಾಲುಂಟು. ಮಾಲಕರ ಹುಲ್ಲುಗಾವಲಿಗೆ ಹೊಂದಿಕೊಂಡ ತೊಗರಿ ಹೊಲ ಮಹಾನಂದಾಳದು. ಅವಳು ನಮ್ಮ ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಬಣ್ಣ ಅಳೆದು ಹಾಕುವ ಚೆಕ್ಕರ್, ಹನ್ನೆರಡು ವರ್ಷದಿಂದ ದಿನಾ ಬೋರಾಮಣಿಯಿಂದ ಬಸ್ಸಿನಲ್ಲಿ ಬರುತ್ತಾಳೆ. "ಅಕ್ಕಾವ್ರನ್ನ ಕರ್ಕೊಂಡು ಬರ್ರಿ ಮಾಸ್ತರ, ನಮ್ಮ ಹೊಲದಾಗಽ ಉಣ್ಣೀರಂತ" ಎಂದು ಅವಳು ಕರೆದಿದ್ದಳು. ಸುಶೀಲೆ ನೇರವಾಗಿ ಹೊಲಕ್ಕೆ ಹೋದಳು. ನಾನು ಜೇಬಿನಲ್ಲಿ ಮೂರು ಚೆಂಡು ಇಟ್ಟುಕೊಂಡು ಮಾಲಕರ ಹತ್ತಿರ ಹೋದೆ.

ಮಾಲಕರು ಚೆಂಡನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಕಲೆಗೆ ಮೂಕರಾಗಿದ್ದಾರೆ ಎಂದುಕೊಂಡೆ. ಬಡಿಗೆ ಬೀಸಿದರು. ಚೆಂಡು ಮೇಲೆ ಹಾರಿದ್ದು ನನಗೆ ಕಾಣಲಿಲ್ಲ. ಆಕಾಶ ನೀಲಿಯ ಚೆಂಡು ಆಕಾಶದಲ್ಲಿ ಹೇಗೆ ಕಂಡೀತು ಎಂದು ಅದಕ್ಕೂ ಹೆಮ್ಮೆಪಟ್ಟೆ. ಆದರೆ ಹುಲ್ಲಿನಲ್ಲಿ ಅರ್ಧ ತಾಸು ಬಗ್ಗಿ ಹುಡುಕಿದರೂ ಅದು ಸಿಗಲಿಲ್ಲ. ಎರಡನೆಯದೂ ಹೋಯಿತು. ಮೂರನೆಯದನ್ನು ಮಾಲಕರು ಸಿಟ್ಟಿನಿಂದ ಹೊಡೆದ ರಭಸಕ್ಕೆ ಅದು ಬೇಲಿ ದಾಟಿ ತೊಗರಿಯೊಳಗೆ ಬಿತ್ತು. "ಇದಽ ಕೊನೇದು," ಎಂದರು. ನನ್ನ ನೌಕರಿಯನ್ನು ಕುರಿತು ಅಂದರೋ ಚೆಂಡನ್ನು ಕುರಿತೋ ಕೇಳುವ ಧೈರ್ಯವಾಗಲಿಲ್ಲ. ಇಬ್ಬರೂ ಬೇಲಿ ದಾಟಿದೆವು.

ಬನ್ನಿ ಗಿಡದ ಕೆಳಗೆ ಪೂಜೆ ನಡೆದಿತ್ತು. ಮಹಾನಂದಾ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು, ಅವಳ ಅತ್ತೆ ಕಡಬು ಎಡೆ ಮಾಡುತ್ತಿದ್ದಳು, ಪಕ್ಕದಲ್ಲಿ ಸುಶೀಲೆ ಕೂತಿದ್ದಳು. ಮಾಲಕರು ಅಲ್ಲಿಯೇ ಕಂಬದಂತೆ ನಿಂತರು. ಸಾಲಾಗಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದ ಐವರೂ ಕಲ್ಲಿನ ಪಾಂಡವರಲ್ಲ, ಗಾಲ್ಫ್ ಚೆಂಡುಗಳು!

"ಅರೇ, ಹೇ ತರ್ ಮಾಝೇ ಬಾಲ್ ಆಹೇತ್!" ಎಂದು ಮಾಲಕರು ಕೂಗಿದರು. ಕೂಗುತ್ತಲೇ ಬೂಟು ಬಿಚ್ಚಿ ಕೈಯನ್ನೂ ಮುಗಿದರು.

"ನಿಮ್ಮವು ಹೆಂಗಾದಾವ್ರಿ?" ಎಂದಳು ಮಹಾನಂದಾಳ ಅತ್ತೆ. "ನಮ್ಮ ಹೊಲದಾಗ ಬಿದ್ದದ್ದು ಹೊಲದ್ದು. ವರ್ಷಾ ಕಲ್ಲ ಹುಡುಕಿ, ಸುಣ್ಣಾ ಹಚ್ಚಿ ಸಾಕಾಗತಿತ್ತು. ಈ ಸಲ ಗುಂಡಗ, ಬೆಳ್ಳಗ, ತಾವಽ ಬಂದಾವ."

"ಬಿಳಿ ಬಾಲ್ ನಮಗ ಸಿಗೋದಽ ಇಲ್ಲಲ್ಲ?"

"ನೀವು ಹುಲ್ಲಿನ್ಯಾಗ ಹುಡುಕತೀರಿ, ಅವು ಇಲ್ಲಿ ಬೀಳತಾವ. ಕರೀ ಎರಿ ಮಣ್ಣಿನ್ಯಾಗ ಬಿಳಿದು ಕುರುಡರಿಗೂ ಕಾಣ್ತದ್ರಿ. ಹಾಂ, ಈಗೊಂದು ಕರ್ರಂದು ಟಪ್ಪಂತ ಬಿತ್ತು. ಮುದ್ದಿ ಮಣ್ಣ ಅಂತ ಒದ್ದೆ, ಪುಟೀತು. ಕಳ್ಳನ್ನ ಇಡೂದು ಬಾಕಿ ಇತ್ತು, ಅದನ್ನಽ ಇಟ್ಟೇನಿ."

ನಾನು ಬಗ್ಗಿ ನೋಡಿದೆ. ಐವರ ಹಿಂದೆ ನನ್ನ ನೀಲಿ ಚೆಂಡು ಕೂತಿತ್ತು. "ಇಲ್ಲಿ ಕರ್ರಂದು ಯಾವುದದ?" ಎಂದು ಕೇಳಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮಾಲಕರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ನನ್ನ ಮುಂದೆ ಹಿಡಿದು, "ಮಾಸ್ತರ, ಇದು ಯಾವ ರಂಗ?" ಎಂದರು.

"ಬಾದಾಮಿ," ಎಂದೆ.

"ಪಾಂಢರೀ ಆಹೇ, ಮಾಸ್ತರ," ಎಂದರು ಅವರು ಬಹಳ ಮೆಲ್ಲಗೆ. ಬಿಳಿ.

ಆ ಕ್ಷಣದಲ್ಲಿ ಹಾಲು, ಮಲ್ಲಿಗೆ, ಧೋತರ, ಅಕ್ಕಲಕೋಟದ ಮನೆ ಎಲ್ಲವೂ ಒಟ್ಟಿಗೆ ಬಂದು ನನ್ನ ತಲೆಯ ಮೇಲೆ ಬಿದ್ದವು. ಕೆಟ್ಟದ್ದು ಜಗತ್ತಲ್ಲ, ನನ್ನ ಕಣ್ಣಿಗೆ ಪೊರೆ ಬಂದಿತ್ತು. ಹೊಲದ ಬದುವಿನ ಮೇಲೆ ಕುಳಿತೆ. ಮಾಲಕರಿಗೆ ಬೇರೆಯದೇ ಆಘಾತ. "ಹಂಗಾದ್ರ ಕಾರ್ಖಾನಿ ಮಾಲು ಹೆಂಗ ಪಾಸ್ ಆತು? ಹ್ವಾದ ವರ್ಷ ನೀಲಿ ಟವೆಲ್ ಒಂದೂ ವಾಪಸ್ ಬರಲಿಲ್ಲ!"

ನಿಜ, ಒಂದೂ ಬಂದಿರಲಿಲ್ಲ. ಅದಕ್ಕಾಗಿ ಮಾಲಕರು ಎಲ್ಲರೆದುರು ನನಗೆ ಶಾಲು ಹೊದಿಸಿದ್ದರು. ಮಹಾನಂದಾ ಹೊಸೆದ ಬತ್ತಿಯನ್ನೇ ಮತ್ತೆ ಹೊಸೆಯತೊಡಗಿದಳು.

"ಏನಿಲ್ಲ ಸಾಹೇಬ್ರ, ಮಾಸ್ತರ ಹೇಳಿದ್ದಽ ಮಾಡ್ತೀವಿ... ನೀಲಿ ಇದ್ದಾಗ ಒಂದೆರಡು ಚಮಚ ಕಡಿಮಿ ಹಾಕ್ತೀನಿ, ಅಷ್ಟ."

"ಯಾವಾಗಿಂದ?" ಎಂದು ಕೇಳಿದವನು ನಾನು.

"ಹ್ವಾದ ವರ್ಷದ ದಸರಾದಿಂದ್ರಿ."

"ನನಗ್ಯಾಕ ಹೇಳಲಿಲ್ಲ?"

"ರಂಗ ಅಂದ್ರೇನು ಅಂತ ಕಲಿಸಿದವ್ರು ನೀವು. ನಿಮಗ ಹೆಂಗ ಹೇಳ್ಲಿ ಮಾಸ್ತರ?"

ಇಡೀ ವರ್ಷ ನಾನು ಅವಳಿಗೆ "ಕಣ್ಣು ಎಲ್ಲಿಟ್ಟೀ" ಎಂದು ದಿನಕ್ಕೆ ನಾಲ್ಕು ಸಲ ಬೈದಿದ್ದೆ. ಆ ಕಣ್ಣು ನನ್ನ ಕಣ್ಣಿನ ಕೆಲಸ ಮಾಡುತ್ತಿತ್ತು ಎಂಬುದು ಈಗ ಗೊತ್ತಾಯಿತು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. "ಸಾಹೇಬ್ರ, ಆ ಶಾಲು ಈಕೀದು," ಎಂದೆ. ಸುಶೀಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಾಟಿಗೆ ಎರಡು ಕಡಬು ಹಾಕಿದಳು.

ಹೊರಡುವಾಗ ಮಾಲಕರು ತಮ್ಮ ಚೆಂಡು ಕೇಳಿದರು. ಪೂಜೆ ಮಾಡಿದ ದೇವರನ್ನು ಬಡಿಗೆಯಿಂದ ಹೊಡೆಯಲು ಕೊಡುವುದಿಲ್ಲ ಎಂದು ಮಹಾನಂದಾಳ ಅತ್ತೆ ಖಡಾಖಂಡಿತವಾಗಿ ಹೇಳಿದಳು. "ಬೇಕಾದ್ರ ಕಳ್ಳನ್ನ ಒಯ್ರಿ," ಎಂದಳು. ಅವನನ್ನು ನಾನು ಜೇಬಿಗೆ ಹಾಕಿಕೊಂಡೆ. ಮಾಲಕರು ಮರುದಿನದಿಂದ ಬಿಳಿ ಚೆಂಡಿನಲ್ಲಿಯೇ ಆಡುತ್ತಿದ್ದಾರೆ. ಹೊಡೆದದ್ದು ಕಾಣದಿದ್ದರೆ ನೇರವಾಗಿ ತೊಗರಿ ಹೊಲಕ್ಕೆ ಹೋಗಿ ಅತ್ತೆಯನ್ನು ಕೇಳುತ್ತಾರೆ.

ದೀಪಾವಳಿಗೆ ಮೊದಲು ನನ್ನ ಎರಡೂ ಕಣ್ಣುಗಳ ಶಸ್ತ್ರಕ್ರಿಯೆ ಆಯಿತು. ಪಟ್ಟಿ ಬಿಚ್ಚಿದಾಗ ದವಾಖಾನೆಯ ಗೋಡೆ ಎಷ್ಟು ಬೆಳ್ಳಗಿತ್ತೆಂದರೆ ನಾನು ಹೆದರಿ ಕಣ್ಣು ಮುಚ್ಚಿದೆ. ಮನೆಗೆ ಬಂದು ಜೇಬಿನಿಂದ ಚೆಂಡು ತೆಗೆದು ನೋಡಿದೆ, ಇದ್ದಿಲಿನಷ್ಟು ಕಪ್ಪು. ಅಕ್ಕಲಕೋಟಕ್ಕೆ ಫೋನ್ ಮಾಡಿ ಭಾವಮೈದುನನ ಕ್ಷಮೆ ಕೇಳಿದೆ. ಸುಶೀಲೆಯ ಹುಗ್ಗಿಯ ಪಾತೇಲಿ ಮಾತ್ರ ಇನ್ನೂ ಬೆಳ್ಳಗಾಗಿಲ್ಲ.

ಕಾರ್ಖಾನೆಯಲ್ಲಿ ಈಗ ಮಾಸ್ತರ ಮೇಜು ಮಹಾನಂದಾಳದು. ಯಂತ್ರ ಅವಳ ಪಕ್ಕದಲ್ಲಿದೆ. ಇನ್ನೊಂದು ವರ್ಷ ಕಲಿಸುವ ನೆವದಲ್ಲಿ ಮಾಲಕರು ನನ್ನನ್ನೂ ಉಳಿಸಿಕೊಂಡಿದ್ದಾರೆ. ನನ್ನ ಸಣ್ಣ ಮೇಜು ಅವಳ ಕುರ್ಚಿಯ ಹಿಂದಿದೆ. ಅದರ ಮೇಲೆ, ಕಾಗದ ಹಾರದಿರಲೆಂದು, ಆ ಚೆಂಡು ಇಟ್ಟಿದ್ದೇನೆ. ಮೊನ್ನೆ ಮುಂಬಯಿಯಿಂದ ಮಾಲು ನೋಡಲು ಬಂದ ಒಬ್ಬರು ನೀಲಿ ಟವೆಲ್ಲನ್ನು ಬೆಳಕಿಗೆ ಹಿಡಿದು, ಬಹಳ ಮೆಚ್ಚಿ, "ಹಿಂದ ಕುಂತವರು ಯಾರು?" ಎಂದು ಕೇಳಿದರು. ಮಹಾನಂದಾ ಎದ್ದು ನಿಂತು, "ಅವರು ನಮ್ಮ ಮಾಸ್ತರ. ಈ ರಂಗ ಅವರದಽ," ಎಂದಳು. ಬಂದವರು ನನಗೆ ಕೈಮುಗಿದರು. ನಾನೂ ಮುಗಿದೆ. ಮುಗಿಯುವ ಮೊದಲು ಚೆಂಡನ್ನು ಮೆಲ್ಲಗೆ ಡ್ರಾವರಿನೊಳಗೆ ತಳ್ಳಿದೆ.